ಮಳೆ, ಕೆರೆ, ಬರ: ಪರಿಸರ ಬದಲಾವಣೆಯ ಕೆಲಸದಲ್ಲಿ ಇತಿಹಾಸ, ಭಾಷೆ, ಸಾಹಿತ್ಯ – ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಶಿಕ್ಷಕರು, ಕಾಲೇಜು ವಿದ್ಯಾರ್ಥಿಗಳು, ಪಂಚಾಯ್ತಿ ಸದಸ್ಯರು, ರೈತರು ಮಾತಿನ ನಡುವೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇವೆ. ಸುಲಭದ್ದು ಮೊದಲು, ತಕರಾರಿನದ್ದು ಕೊನೆಗೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲಿಗೆ

ಮಳೆ ಕಮ್ಮಿ ಆದ್ರ ಹವಾಮಾನ ಇಲಾಖೆಯವ್ರು ನೋಡ್ಕೋತಾರ. ಇದರಾಗ ಇತಿಹಾಸ, ಕನ್ನಡ ಓದಿದವರದ್ದೇನು ಕೆಲಸ?

ಎಷ್ಟು ಮಿಲಿಮೀಟರ್ ಬಿತ್ತು ಎಂದು ಹೇಳಿದರೆ ಮಳೆಮಾಪಕದ ಕೆಲಸ ಮುಗಿಯಿತು. ಆ ಮಳೆಗೆ ಯಾರು ಏನು ಬಿತ್ತುತ್ತಿದ್ದರು, ಕೆರೆಯ ತೂಬು ಎತ್ತುವ ಹಕ್ಕು ಯಾರಿಗಿತ್ತು, ಅದು ಯಾವಾಗ ತಪ್ಪಿತು, ಬರ ಬಂದಾಗ ಮೊದಲು ಗುಳೆ ಹೋದದ್ದು ಯಾವ ಓಣಿಯವರು? ಇದಕ್ಕೆಲ್ಲ ಉತ್ತರ ಇರುವುದು ದಫ್ತರದಲ್ಲಿ, ಶಾಸನದಲ್ಲಿ, ಹಾಡಿನಲ್ಲಿ, ಹಿರಿಯರ ನೆನಪಿನಲ್ಲಿ.

ನಮ್ಮದು ವರ್ಷಕ್ಕೆ ಸುಮಾರು 500ರಿಂದ 650 ಮಿ.ಮೀ. ಮಳೆಯ ನಾಡು. ಇಷ್ಟೇ ಮಳೆಗೆ ಬಿಳಿಜೋಳ, ಸಜ್ಜೆ, ನವಣೆ, ಕುಸುಬೆ ಬೆಳೆದು ಊಟ ನಡೆದದ್ದುಂಟು. ಅದೇ ಮಳೆಗೆ ಮೆಣಸಿನಕಾಯಿಯನ್ನೋ ಭತ್ತವನ್ನೋ ನೆಚ್ಚಿದವನಿಗೆ ಅದು ಬರ. ಆಕಾಶದಲ್ಲಿ ಬದಲಾದದ್ದೆಷ್ಟು, ಹೊಲದಲ್ಲಿ, ತಾಟಿನಲ್ಲಿ, ಸಾಲದ ಪುಸ್ತಕದಲ್ಲಿ ಬದಲಾದದ್ದೆಷ್ಟು ಎಂದು ಬಿಡಿಸಿ ನೋಡದೆ ಪರಿಹಾರ ಹುಡುಕಿದರೆ ತಪ್ಪು ಜಾಗಕ್ಕೆ ದುಡ್ಡು ಹೋಗುತ್ತದೆ. ಒಂದು ಷರತ್ತಿದೆ. ಮಾಪಕಕ್ಕಿರುವ ಶಿಸ್ತು ನೆನಪಿಗೂ ಬೇಕು: ಯಾರು ಹೇಳಿದರು, ಯಾವ ಜಾಗ, ಯಾವ ವರ್ಷ, ಯಾವ ಅಳತೆ. ಈ ನಾಲ್ಕು ಇಲ್ಲದ ನೆನಪು ಕೇಳಲು ಚೆಂದ, ಕೆಲಸಕ್ಕೆ ಬಾರದು.

ಅಂದ್ರ ಬೀದಿ ನಾಟಕ, ಜಾಥಾ, ಗೋಡೆಬರಹ ಮಾಡ್ಸೋದು?

ಅಲ್ಲ. ಅವು ತಿಳಿದದ್ದನ್ನು ಹಂಚುವ ದಾರಿಗಳು. ತಿಳಿಯುವ ಕೆಲಸ ಅದಕ್ಕಿಂತ ಮೊದಲಿನದು. ಯೋಜನೆಗೆ ಮಂಜೂರಾತಿ ಸಿಕ್ಕ ಮೇಲೆ ಕೊನೆಗೆ ಹಾಡುವವರನ್ನು ಕರೆಯುವ ರೂಢಿ ಇದೆಯಲ್ಲ, ಅದರಿಂದಲೇ ಈ ತಪ್ಪು ಕಲ್ಪನೆ ಬೆಳೆದಿದೆ.

ಸರ್ವೆಗೆ ಹೋದಾಗ "ಹವಾಮಾನ ಬದಲಾವಣೆ ಗೊತ್ತಾ" ಅಂದ್ರೆ ಎಲ್ಲರೂ "ಗೊತ್ತಿಲ್ಲ" ಅಂತಾರೆ. ಜನರಿಗೆ ಅರಿವೇ ಇಲ್ಲವಲ್ಲ?

ಅರಿವಿದೆ, ನಿಮ್ಮ ಪದ ಅವರದ್ದಲ್ಲ. ಅದೇ ಕಟ್ಟೆಯ ಮೇಲೆ "ಕಾಲ ಹೆಂಗೈತ್ರಿ ಯಜ್ಜಾ?" ಎಂದು ಕೇಳಿ ನೋಡಿ. "ಕಾಲ ಕೆಟ್ಟೈತಿ" ಎಂದು ಶುರುವಾದದ್ದು ಅರ್ಧ ತಾಸು ನಿಲ್ಲುವುದಿಲ್ಲ. ಮಳೆಗಾಲ, ಸುಗ್ಗಿಕಾಲ, ಬರಗಾಲ ಎಲ್ಲದರಲ್ಲೂ ಇರುವ ಈ "ಕಾಲ" ಹೊತ್ತನ್ನೂ ಹೇಳುತ್ತದೆ, ಋತುವನ್ನೂ ಹೇಳುತ್ತದೆ, ಮನುಷ್ಯರ ನಡತೆಯನ್ನೂ ಹೇಳುತ್ತದೆ. ಹಾಗಾಗಿ "ಕಾಲ ಕೆಟ್ಟೈತಿ" ಎಂಬ ಮಾತಿನೊಳಗೆ ಮಳೆಯ ಲೆಕ್ಕದ ಜೊತೆ ತಪ್ಪು ಯಾರದು ಎಂಬ ತೀರ್ಮಾನವೂ ಅಡಗಿರುತ್ತದೆ. ಅದನ್ನು "ಹವಾಮಾನ ಬದಲಾಗಿದೆ – ಹೌದು" ಎಂದು ಒಂದು ಚೌಕದಲ್ಲಿ ಗುರುತು ಹಾಕಿದರೆ ಅರ್ಧ ಉತ್ತರ ಕಳೆದುಹೋಯಿತು. ಪ್ರಶ್ನಾವಳಿ ಅಚ್ಚು ಹಾಕಿಸುವ ಮೊದಲು ಐದಾರು ಜನರ ಜೊತೆ ಸುಮ್ಮನೆ ಮಾತಾಡಿ, ಅವರ ಬಾಯಲ್ಲಿ ಬಂದ ಪದಗಳಲ್ಲೇ ಪ್ರಶ್ನೆಗಳನ್ನು ತಿದ್ದಿ.

"ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" – ಇಂಥ ಗಾದೆ ಈಗ ನಂಬಬಹುದಾ?

ಭವಿಷ್ಯ ಹೇಳಲು ಬೇಡ. ಹಿಂದಿನ ಕೃಷಿಯ ದಾಖಲೆಯಾಗಿ ಓದಲು ಬೇಕೇಬೇಕು.

ಮಳೆ ನಕ್ಷತ್ರಗಳು ಸೂರ್ಯನ ನಡೆಯ ಲೆಕ್ಕ. ವರ್ಷವನ್ನು 27 ಭಾಗ ಮಾಡಿದರೆ ಒಂದೊಂದಕ್ಕೆ ಹದಿಮೂರೂವರೆ ದಿನ ಬರುತ್ತದೆ. ಈಗಿನ ಲೆಕ್ಕದಲ್ಲಿ ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 7-8ಕ್ಕೆ, ಆರಿದ್ರ ಜೂನ್ 21-22ಕ್ಕೆ, ಮಘೆ ಆಗಸ್ಟ್ 16-17ಕ್ಕೆ, ಹಸ್ತ ಸೆಪ್ಟೆಂಬರ್ 26-27ಕ್ಕೆ, ಸ್ವಾತಿ ಅಕ್ಟೋಬರ್ 23-24ಕ್ಕೆ ಹೂಡುತ್ತವೆ. ಇವು ಇಂಗ್ಲಿಷ್ ತಾರೀಖಿಗೆ ಗಟ್ಟಿಯಾಗಿ ಕಟ್ಟಿದವಲ್ಲ. ಸುಮಾರು 71 ವರ್ಷಕ್ಕೆ ಒಂದು ದಿನದಂತೆ ಮುಂದೆ ಜಾರುತ್ತವೆ. 1800ರ ಸುಮಾರಿನ ಮೃಗಶಿರ ಈಗಿನದಕ್ಕಿಂತ ಮೂರು ದಿನ ಮೊದಲೇ ಹೂಡುತ್ತಿತ್ತು. ಹಳೆಯ ಗಾದೆಯನ್ನು ಇವತ್ತಿನ ಮಳೆ ಅಂಕಿಗೆ ಹೋಲಿಸುವಾಗ ಈ ಜಾರುವಿಕೆಯನ್ನು ಕಳೆಯದಿದ್ದರೆ, ಲೆಕ್ಕದ ತಪ್ಪನ್ನೇ ಹವಾಮಾನ ಬದಲಾವಣೆ ಎಂದು ಓದಿದಂತಾಗುತ್ತದೆ.

ಆಮೇಲೆ ಗಾದೆ ಯಾವ ಮಣ್ಣಿನದು ನೋಡಿ. ರೋಹಿಣಿಯ ಗಾದೆ ಮುಂಗಾರಿ ಜೋಳದ್ದು, ಮಸಾರಿ ಎಂಬ ಕೆಂಪು ನೆಲಕ್ಕೆ ಒಪ್ಪುವಂಥದ್ದು. ರಾಯಚೂರು ಕಡೆಯ ಎರೆ (ಕಪ್ಪು ಮಣ್ಣಿನ) ಹೊಲದವರು ಹಿಂಗಾರಿ ಬಿಳಿಜೋಳಕ್ಕೆ ಹಸ್ತ, ಚಿತ್ತೆ ಕಾಯುತ್ತಾರೆ. ಬಿತ್ತಿದ ಮೇಲೆ ಬೆಳೆ ನಿಲ್ಲುವುದು ನೆಲದಲ್ಲಿ ಕುಂತ ಹಸಿಯ ಮೇಲೆ. ಒಂದೇ ಜಿಲ್ಲೆಯಲ್ಲಿ ಎರಡು ಗಾದೆ ಒಂದಕ್ಕೊಂದು ಜಗಳವಾಡಿದರೆ ಗಾಬರಿ ಬೇಡ, ಹೊಲ ಬೇರೆ ಅಷ್ಟೇ. ಗಾದೆ ಬರೆದುಕೊಳ್ಳುವಾಗ ಊರು, ಮಣ್ಣು, ಬೆಳೆ ಮೂರನ್ನೂ ಪಕ್ಕದಲ್ಲೇ ಬರೆಯಿರಿ. ಇಂಥ ಗಾದೆಗಳನ್ನು ಅಚ್ಚು ಹಾಕಿದ ಎಷ್ಟೋ ಸಂಗ್ರಹಗಳಲ್ಲಿ ಇದೇ ಇಲ್ಲ, ಬರೀ ಪ್ರಾಸ ಉಳಿದಿದೆ.

ಬಳ್ಳಾರಿ ಜಾಲಿ ನಮ್ಮ ಬಳ್ಳಾರಿಯದೇ ಗಿಡ ಅಲ್ವಾ?

ಹೆಸರು ಮಾತ್ರ ನಮ್ಮದು. ಗಿಡ ಅಮೆರಿಕ ಖಂಡದ್ದು. ಒಣಭೂಮಿಗೆ ಉರುವಲಾಗಲಿ ಎಂದು 1870ರ ದಶಕದಲ್ಲಿ ಮದ್ರಾಸ್ ಪ್ರಾಂತದ ಅರಣ್ಯ ಇಲಾಖೆ ಬೀಜ ತರಿಸಿ ಹಾಕಿಸಿತು. ಸೀಮೆ ಜಾಲಿ ಎಂಬ ಇನ್ನೊಂದು ಹೆಸರು ಅದು ಹೊರಗಿನದು ಎಂಬುದನ್ನು ಇನ್ನೂ ನೆನಪಿಟ್ಟಿದೆ. "ಬಳ್ಳಾರಿ" ಎಂಬುದು ಅದನ್ನು ಮರೆಸಿದೆ. ಹಿರಿಯರು "ಹಳ್ಳದ ದಂಡಿಗೆ ಜಾಲಿ ಇತ್ತು" ಎಂದರೆ ತಕ್ಷಣ "ಯಾವ ಜಾಲಿ?" ಎಂದು ಕೇಳಿ. ಕರಿಜಾಲಿ ಎಂದರೆ ಅದು ನಮ್ಮದು. ಕಾಯಿ ಮಣಿ ಪೋಣಿಸಿದ ಸರದಂತೆ, ನಡುನಡುವೆ ಸೊಂಟ ಬಿದ್ದಿರುತ್ತದೆ, ಹೂವು ಹಳದಿ ಚೆಂಡು. ಬಳ್ಳಾರಿ ಜಾಲಿಯ ಹೂವು ಉದ್ದನೆಯ ಬಾಲ, ಕಾಯಿ ಬೀನ್ಸಿನಂತೆ ನುಣ್ಣಗೆ. ಈ ಒಂದು ಪ್ರಶ್ನೆ ಬಿಟ್ಟರೆ ಹಳ್ಳದ ಇಡೀ ಇತಿಹಾಸ ತಲೆಕೆಳಗಾಗುತ್ತದೆ.

## ಊರಿಗೆ ಇಳಿದಾಗ

ನಮ್ಮೂರ ಹಿರಿಯರನ್ನ ಮಾತಾಡಿಸಿ ಕೆರೆ, ನೀರಿನ ಇತಿಹಾಸ ಬರೀಬೇಕು. ಎಲ್ಲಿಂದ ಶುರು ಮಾಡ್ಲಿ?

ಗ್ರಾಮ ನಕ್ಷೆಯಿಂದ. ಸರ್ವೆ ನಂಬರು, ಹಳ್ಳ, ಕೆರೆ, ಬಂಡಿದಾರಿ ಎಲ್ಲ ಇರುವ ನಕ್ಷೆಯ ಪ್ರತಿ ತಂದು, ದೊಡ್ಡದಾಗಿ ಮುದ್ರಿಸಿ ಕೈಯಲ್ಲಿ ಹಿಡಿಯಿರಿ. ಸರ್ವೆ ನಂಬರು ನಿಂತಲ್ಲೇ ಗೊತ್ತಾಗಲು ಫೋನಿನಲ್ಲಿ ದಿಶಾಂಕ್ ಎಂಬ ಆ್ಯಪ್ ಸಾಕು. ಇಬ್ಬರು ಹೋಗಿ: ಒಬ್ಬರು ಮಾತಿಗೆ, ಒಬ್ಬರು ಬರೆಯಲು ಮತ್ತು ರೆಕಾರ್ಡಿಂಗ್ ನೋಡಿಕೊಳ್ಳಲು. ಒಂದು ಸಲಕ್ಕೆ ಮುಕ್ಕಾಲು ತಾಸಿನಿಂದ ಒಂದು ತಾಸು. ಆಮೇಲೆ ಅದೇ ವ್ಯಕ್ತಿಯ ಹತ್ತಿರ ಇನ್ನೊಂದು ದಿನ ಮತ್ತೆ ಹೋಗಿ. ಒಳ್ಳೆಯ ಮಾತು ಬರುವುದು ಎರಡನೇ ಸಲ.

ಕೂತಲ್ಲೇ ಕೇಳಬೇಡಿ, ಏರಿ ಮೇಲೆ ನಡೆಯುತ್ತ ಕೇಳಿ. ಕೋಡಿ ಕಂಡರೆ ಕೋಡಿ ಬಿದ್ದ ವರ್ಷ ನೆನಪಾಗುತ್ತದೆ. "ಮೊದಲು ಮಳೆ ಚಲೋ ಇತ್ತಲ್ಲ?" ಎಂದು ಕೇಳಿದರೆ "ಹೂಂ" ಎನ್ನುತ್ತಾರೆ, ನಿಮ್ಮ ಮನಸ್ಸು ನೋಯಬಾರದೆಂದು. ವಸ್ತುವಿನಿಂದ ಕೇಳಿ. "ಎಳ್ಳಮಾಸಿಗೆ ಚರಗ ಚೆಲ್ಲುವಾಗ ಜೋಳ ಎಷ್ಟೆತ್ತರ ಇರತಿತ್ತು?" ಸೊಂಟಕ್ಕೆ, ಎದಿಮಟ, ತೆನಿ ಹಿಂಡಿತ್ತು ಎಂದು ಕೈ ಮಾಡಿ ತೋರಿಸುತ್ತಾರೆ. ಹಬ್ಬದ ದಿನ ಖಚಿತ, ಎತ್ತರವೂ ಖಚಿತ.

ನೀರಿನ ವಿಷಯ ಗಂಡಸರಿಗೆ ಗೊತ್ತಿರುವುದು ಕಮ್ಮಿ. ಅಜ್ಜಿಯನ್ನು ಕೇಳಿ: "ಯವ್ವಾ, ಮದುವೆಯಾಗಿ ಈ ಊರಿಗೆ ಬಂದ ವರ್ಷ ನೀರು ಎಲ್ಲಿಂದ ತರತಿದ್ರಿ? ಸೇದೋ ಹಗ್ಗ ಎಷ್ಟು ಮೊಳ?" ಹಗ್ಗದ ಉದ್ದವೆಂದರೆ ಬಾವಿಯ ನೀರಿನ ಮಟ್ಟ. ಮೊಳಕ್ಕೆ ಸುಮಾರು 45 ಸೆಂ.ಮೀ. ಹಿಡಿದು, ಕೈಯಲ್ಲಿ ಹಿಡಿಯುವ, ಕೊಡಕ್ಕೆ ಗಂಟು ಹಾಕುವ ಎರಡು-ಮೂರು ಮೊಳ ಕಳೆಯಿರಿ. ಇಪ್ಪತ್ತು ಮೊಳದ ಹಗ್ಗ ಎಂದರೆ ಏಳೆಂಟು ಮೀಟರ್ ಆಳದಲ್ಲಿ ನೀರಿತ್ತು. "ಬ್ಯಾಸಿಗಿಗೆ ಹಗ್ಗಕ್ಕ ತುಂಡು ಕಟ್ಟತಿದ್ವಿ" ಎಂದರೆ ತುಂಡು ಎಷ್ಟು ಮೊಳ ಎಂದು ಕೇಳಿ. ಮಳೆಗಾಲಕ್ಕೂ ಬೇಸಿಗೆಗೂ ನಡುವಿನ ಇಳಿತ ಸಿಕ್ಕಿತು. ಅಂತರ್ಜಲದ ಯಾವ ಕಡತದಲ್ಲೂ ಇಲ್ಲದ ಅಂಕಿ ಅದು.

ಕೆಡುವುದು ಎಲ್ಲಿ? ಚಾವಡಿಯಲ್ಲಿ ಹತ್ತು ಜನರನ್ನು ಕೂಡಿಸಿದರೆ ಒಬ್ಬರೇ ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಯಾವ ಬಾವಿಯ ಹತ್ತಿರ ಯಾರಿಗೆ ಬಿಡುತ್ತಿರಲಿಲ್ಲ ಎಂಬುದು ಅಲ್ಲಿ ಬಾಯಿಗೆ ಬರುವುದೇ ಇಲ್ಲ. ಕೇರಿಗೆ ಬೇರೆಯಾಗಿ ಹೋಗಲೇಬೇಕು. ಇನ್ನೊಂದು, ಬರಹಕ್ಕಿಳಿಸುವಾಗ ಗ್ರಂಥಭಾಷೆಗೆ ತಿದ್ದುವುದು. ಹಸಿ, ಹದ, ತಂಪು ಮೂರನ್ನೂ "ತೇವಾಂಶ" ಎಂದು ಬರೆದರೆ ಮೂರು ಬೇರೆ ಸಂಗತಿ ಒಂದಾಗಿ ಸತ್ತವು. ಒಂದು ತಾಸಿನ ಧ್ವನಿ ಬರೆಯಲು ಐದಾರು ತಾಸು ಬೇಕು. ಆ ಪುರುಸೊತ್ತಿಲ್ಲದಿದ್ದರೆ ಕಡಿಮೆ ಜನರನ್ನು ಮಾತಾಡಿಸಿ.

ಇಸವಿ ಕೇಳಿದ್ರ "ದೊಡ್ಡ ಬರ ಬಿದ್ದಾಗ" ಅಂತಾರ. ವರ್ಷ ಹೆಂಗ ಗೊತ್ತುಮಾಡೋದು?

ಎಲ್ಲರಿಗೂ ನೆನಪಿರುವ ಘಟನೆಗೆ ಕಟ್ಟಿ. ರಜಾಕಾರರ ಹಾವಳಿ ಮತ್ತು ಪೊಲೀಸ್ ಆ್ಯಕ್ಷನ್ (1948), ತುಂಗಭದ್ರಾ ಡ್ಯಾಂ ನೀರು ನಿಂತದ್ದು (1953), 72ರ ಬರ, ಇಂದಿರಾ ಗಾಂಧಿ ಹತ್ಯೆ (1984), 2009ರ ನೆರೆ. "ಅದಕ್ಕಿಂತ ಮೊದಲಾ, ಆಮೇಲಾ? ನಿಮ್ಮ ದೊಡ್ಡ ಮಗ ಹುಟ್ಟಿದ್ದನಾ?" ಎಂದು ಎರಡೂ ಕಡೆಯಿಂದ ಒತ್ತಿದರೆ ವರ್ಷ ಒಂದೆರಡರ ಅಂತರಕ್ಕೆ ಬರುತ್ತದೆ.

ಸಂವತ್ಸರ ಹೇಳಿದರೆ ಇನ್ನೂ ಸುಲಭ. ಇಸವಿಗೆ 54 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಆ ವರ್ಷದ ಯುಗಾದಿಗೆ ಹುಟ್ಟುವ ಸಂವತ್ಸರದ ಸಂಖ್ಯೆ, ಪ್ರಭವ ಎಂದರೆ 1. 1876ಕ್ಕೆ 54 ಕೂಡಿಸಿದರೆ 1930, ಶೇಷ 10, ಅಂದರೆ ಧಾತು. ಅದೇ ಬಳ್ಳಾರಿ ಸೀಮೆಯನ್ನು ಬರಿದು ಮಾಡಿದ ಧಾತು ಬರ, 1876-78ರದು. ಆದರೆ ಧಾತು 1936ಕ್ಕೂ ಬಂದಿತ್ತು, 1996ಕ್ಕೂ ಬಂದಿತ್ತು. ಹೆಸರೊಂದೇ ನೆಚ್ಚಿದರೆ ಅರವತ್ತು ವರ್ಷ ಜಾರಿಬೀಳುವ ಅಪಾಯವಿದೆ. ಈಗಿನವರು ಧಾತು ಬರದ ಮಾತು ಹೇಳಿದರೆ ಅದು ಅವರ ಅಜ್ಜ-ಮುತ್ತಜ್ಜ ಹೇಳಿದ್ದು. "ಕಂಡದ್ದು", "ಕೇಳಿದ್ದು" ಎಂದು ಎರಡು ಬೇರೆ ಕಾಲಂ ಮಾಡಿ.

"ನಾಲ್ಕಾಣೆ ಬೆಳಿ" ಅಂದ್ರ ಎಷ್ಟು? ಇದನ್ನ ಅಂಕಿ ಮಾಡಬಹುದಾ?

ಮಾಡಬಹುದು. ಹದಿನಾರಾಣೆ ಎಂದರೆ ತುಂಬು ಬೆಳೆ, ನಾಲ್ಕಾಣೆ ಎಂದರೆ ಕಾಲು ಭಾಗ. ಹಳೆಯ ಕಂದಾಯ ದಫ್ತರದ ಆಣೆವಾರಿಯೂ ಇದೇ ಲೆಕ್ಕ, ಹಾಗಾಗಿ ಮಾತನ್ನೂ ಕಾಗದವನ್ನೂ ಪಕ್ಕಪಕ್ಕ ಇಡಬಹುದು. ಒಂದು ಎಚ್ಚರ: ಕಂದಾಯ ಮಾಫಿ ಆಣೆವಾರಿಯ ಮೇಲೆ ನಿಂತಿದ್ದರಿಂದ ರೈತ ಕಡಿಮೆ ಹೇಳುತ್ತಿದ್ದ, ದಫ್ತರ ಜಾಸ್ತಿ ಬರೆಯುತ್ತಿತ್ತು. ನಿಜ ಎರಡರ ನಡುವೆ ಎಲ್ಲೋ ಇದೆ.

## ಕಾಗದ, ಕಲ್ಲು, ಹೆಸರು

ಬಳ್ಳಾರಿಗೆ ಹಳೇ ದಾಖಲೆ ಬೇಕಾದಷ್ಟು ಸಿಗ್ತಾವ, ರಾಯಚೂರು-ಕೊಪ್ಪಳಕ್ಕ ಯಾಕಿಲ್ಲ?

ಇವೆ, ಭಾಷೆ ಬೇರೆ. ಬಳ್ಳಾರಿ 1800ರಿಂದ 1953ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು. 1872ರ ಮ್ಯಾನ್ಯುಯಲ್, 1904ರ ಗೆಜೆಟಿಯರ್ ಎರಡೂ ಇಂಗ್ಲಿಷಿನಲ್ಲಿವೆ, ಕೆರೆ, ಬರ, ಬೆಳೆ ಎಲ್ಲದರ ವಿವರ ಇದೆ. ರಾಯಚೂರು ಮತ್ತು ಆಗ ಅದರೊಳಗಿದ್ದ ಕೊಪ್ಪಳ ಭಾಗ ನಿಜಾಮ ರಾಜ್ಯದಲ್ಲಿದ್ದವು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರು. ಕಾಗದ ಉರ್ದುವಿನಲ್ಲಿದೆ, ತಾರೀಖು ಫಸಲಿ ಎಂಬ ಕಂದಾಯ ವರ್ಷದ ಲೆಕ್ಕದಲ್ಲಿದೆ. ಫಸಲಿಗೆ 590 ಕೂಡಿಸಿ: ಫಸಲಿ 1330 ಎಂದರೆ 1920-21. ಫಸಲಿ ವರ್ಷ ಜನವರಿಗೆ ಶುರುವಾಗುವುದಿಲ್ಲ, ಮದ್ರಾಸಿನಲ್ಲಿ ಜುಲೈಗೆ, ನಿಜಾಮರಲ್ಲಿ ಅಕ್ಟೋಬರಿಗೆ. ಆದ್ದರಿಂದ ಒಂದೇ ಇಸವಿ ಬರೆಯದೆ ಜೋಡಿ ಇಸವಿ ಬರೆಯಿರಿ.

ಉರ್ದು ಓದಬಲ್ಲ ಹಿರಿಯರು ಊರೂರಲ್ಲಿ ಇನ್ನೂ ಇದ್ದಾರೆ. ಮನೆಯ ಪೆಟ್ಟಿಗೆಯ ಕಾಗದವನ್ನು ಅವರಿಂದ ಓದಿಸಿ, ಧ್ವನಿ ಮುದ್ರಿಸಿಕೊಳ್ಳಿ. ನಮ್ಮ ದೃಷ್ಟಿಯಲ್ಲಿ ಈ ಭಾಗದ ಪರಿಸರ ಇತಿಹಾಸಕ್ಕೆ ಇದಕ್ಕಿಂತ ತುರ್ತಿನ ಕೆಲಸ ಇನ್ನೊಂದಿಲ್ಲ.

ಕೆರಿ ಏರಿ ಮ್ಯಾಲೆ ಶಾಸನದ ಕಲ್ಲೈತಿ. ತೊಳದು, ಸುಣ್ಣ ಹಚ್ಚಿ ಫೋಟೋ ತಗೀಲಾ?

ಬೇಡ. ಸುಣ್ಣ, ಸೀಮೆಸುಣ್ಣ, ಎಣ್ಣೆ, ಬಣ್ಣ, ತಂತಿಬ್ರಷ್ ಯಾವುದೂ ಬೇಡ. ಸವೆದ ಅಕ್ಷರ ಮತ್ತೆ ಹುಟ್ಟುವುದಿಲ್ಲ. ಮೆತ್ತನೆಯ ಪೊರಕೆಯಿಂದ ಧೂಳು ಕೊಡವಿದರೆ ಸಾಕು. ಬೆಳಕು ಓರೆಯಾಗಿ ಬೀಳಬೇಕು: ಬೆಳಿಗ್ಗೆ ಅಥವಾ ಸಂಜೆಯ ಬಿಸಿಲು, ಇಲ್ಲವೇ ಕತ್ತಲಾದ ಮೇಲೆ ಕಲ್ಲಿಗೆ ತಾಗಿದಂತೆ ಪಕ್ಕದಿಂದ ಹಿಡಿದ ಬ್ಯಾಟರಿ. ಆಗ ಅಕ್ಷರದ ಗೀರಿನಲ್ಲಿ ನೆರಳು ತುಂಬಿ ಎದ್ದು ಕಾಣುತ್ತದೆ. ಮೊದಲು ಇಡೀ ಕಲ್ಲು, ಆಮೇಲೆ ಮೂರು-ಮೂರು ಸಾಲಿನಂತೆ ಒಂದರ ಮೇಲೊಂದು ಹಾಯುವ ಚಿತ್ರ. ಪಕ್ಕದಲ್ಲಿ ಒಂದು ಅಳತೆಪಟ್ಟಿ. ಕಲ್ಲು ಮೂಲದಲ್ಲಿ ಅಲ್ಲೇ ಇತ್ತಾ, ಬೇರೆ ಕಡೆಯಿಂದ ತಂದು ನೆಟ್ಟದ್ದಾ, ಊರವರನ್ನು ಕೇಳಿ ಬರೆಯಿರಿ.

ಓದಲು ಕೂರುವ ಮುನ್ನ ಹಂಪಿ ಕನ್ನಡ ವಿಶ್ವವಿದ್ಯಾಲಯದ ಜಿಲ್ಲಾವಾರು ಶಾಸನ ಸಂಪುಟಗಳನ್ನು ನೋಡಿ, ಓದಿ ಪ್ರಕಟಿಸಿದ್ದೇ ಇರಬಹುದು. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ. ಕೆರೆ ಕಟ್ಟಿದವನಿಗೆ, ದುರಸ್ತಿ ಮಾಡಿದವನಿಗೆ ಕೊಟ್ಟ ಭೂಮಿ ದಶವಂದ, ಕಟ್ಟುಗೊಡಗೆ ಎಂಬ ಹೆಸರಲ್ಲಿ ಬರುತ್ತದೆ. ಹೂಳು ತೆಗೆಯುವ ಖರ್ಚನ್ನು ಕೆರೆಯ ಕೆಳಗಿನ ಭೂಮಿಯೇ ಹೊರುವ ಏರ್ಪಾಡು ಅದು. ಈಗಿನ ಕೆರೆ ಯೋಜನೆಗಳಲ್ಲಿ ಕಟ್ಟಲು ದುಡ್ಡಿರುತ್ತದೆ, ಮುಂದೆ ನೋಡಿಕೊಳ್ಳಲು ಇರುವುದಿಲ್ಲ. ಹಳೆಯ ಕಲ್ಲು ಓದುವ ಲಾಭ ಇಲ್ಲಿದೆ. ಆದರೆ ಶಾಸನ ದಾನದ ಪತ್ರ. ಕೊಟ್ಟದ್ದನ್ನು ಹೇಳುತ್ತದೆ, ಒಣಗಿದ್ದನ್ನು ಹೇಳುವುದಿಲ್ಲ. ಮಣ್ಣು ಹೊತ್ತವರ ಹೆಸರೂ ಅದರಲ್ಲಿ ಅಪರೂಪ.

(ಮಸ್ಕಿಯ ಅಶೋಕನ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದು ಚಿನ್ನದ ಗಣಿಯ ಎಂಜಿನಿಯರನಿಗೆ. ಗಣಿಯೂ ಇತಿಹಾಸವೂ ಒಂದೇ ಗುಡ್ಡ ಹಂಚಿಕೊಳ್ಳುವುದು ನಮ್ಮಲ್ಲಿ ಹೊಸದೇನಲ್ಲ.)

ಊರ ಹೆಸರಿನಾಗ ಕೆರಿ ಐತಿ, ಊರಾಗ ಕೆರಿ ಇಲ್ಲ. ಇದು ಸಾಕ್ಷಿ ಆಗತೈತಾ?

ಸುಳಿವು ಆಗುತ್ತದೆ, ಸಾಕ್ಷಿ ಆಗುವುದಿಲ್ಲ. ತಾವರಗೇರಾ ಎಂಬಲ್ಲಿ ತಾವರೆ ಇದೆ ನಿಜ. ಆದರೆ ಎಲ್ಲ "ಗೇರಾ" ಕೆರೆಯಲ್ಲ, ಕೆಲವು ಕೇರಿಯೂ ಇರಬಹುದು. ನಕ್ಷೆಯಲ್ಲಿ ತಗ್ಗು ಎಲ್ಲಿದೆ, ಏರಿಯ ಗುರುತಿದೆಯೇ ನೋಡಿ. ದೊಡ್ಡಿ ಎಂದು ಮುಗಿಯುವ ಊರು ದನದ ದೊಡ್ಡಿಯನ್ನೂ, "ಕ್ಯಾಂಪ್" ಎಂದು ಮುಗಿಯುವುದು ಕಾಲುವೆ ಬಂದ ಮೇಲಿನ ವಲಸೆಯನ್ನೂ ಹೇಳುತ್ತದೆ.

ಕುಡತಿನಿ ಬೂದಿದಿಬ್ಬ ರಾಕ್ಷಸನ ಚಿತೆ ಅಂತಾರೆ. ಇದಕ್ಕೂ ಪರಿಸರಕ್ಕೂ ಏನು ಸಂಬಂಧ?

ಅದು ಸಗಣಿಯ ಬೂದಿ. ನವಶಿಲಾಯುಗದ ದನಗಾಹಿಗಳು ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಆದ ದಿಬ್ಬ. ಕೆಲವೆಡೆ ಉರಿಗೆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ಸಂಗನಕಲ್ಲು-ಕುಪ್ಪಗಲ್ಲಿನಲ್ಲೂ ಇಂಥವಿವೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆ ಎನ್ನುತ್ತಾರೆ. ನಾಲ್ಕೈದು ಸಾವಿರ ವರ್ಷದ ಹಿಂದೆ ಈ ನೆಲ ಅಷ್ಟು ದನ ಮೇಯಿಸುತ್ತಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ. ಕಥೆಯನ್ನು ಮೂಢನಂಬಿಕೆ ಎಂದು ತಳ್ಳಬೇಡಿ. "ಇದು ಮಣ್ಣಲ್ಲ, ಬೂದಿ" ಎಂಬುದನ್ನು ಊರು ಮರೆಯದಂತೆ ಹಿಡಿದಿಟ್ಟದ್ದು ಆ ಕಥೆಯೇ.

## ತಕರಾರಿನ ಕಡೆ

ಡ್ಯಾಂ ನೀರು ಹಂಚಿಕೆ ಎಂಜಿನಿಯರ್ ಕೆಲಸ. ಇಲ್ಲಿ ಸಾಹಿತ್ಯ-ಇತಿಹಾಸ ಯಾಕೆ?

ಎಷ್ಟು ನೀರಿದೆ ಎಂಬುದು ಎಂಜಿನಿಯರ ಲೆಕ್ಕ. ಯಾರಿಗೆ ಮೊದಲು ಎಂಬುದು ನ್ಯಾಯದ ಪ್ರಶ್ನೆ. ತುಂಗಭದ್ರಾ ಜಲಾಶಯ ಕಟ್ಟುವಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105.788 ಟಿಎಂಸಿ. 2024ರ ಆಗಸ್ಟಿನಲ್ಲಿ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋದಾಗ ಕೊರತೆ ಎಲ್ಲರ ಕಣ್ಣಿಗೂ ಬಿತ್ತು. ಆದರೆ 227 ಕಿ.ಮೀ. ಉದ್ದದ ಎಡದಂಡೆ ಕಾಲುವೆಯ ಕೊನೆಭಾಗದವರಿಗೆ ಕೊರತೆ ದಶಕಗಳಿಂದ ಇದೆ. ಯೋಜನೆ ಹಾಕಿದ್ದು ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗೆ. ಗಂಗಾವತಿ, ಸಿಂಧನೂರು ಕಡೆ ಭತ್ತ ನಿಂತಿತು. ಮೇಲೆ ನೀರು ಹೆಚ್ಚಾಗಿ ಸವಳು (ಉಪ್ಪೇರಿದ ನೆಲ), ಕೆಳಗೆ ಮಾನ್ವಿ, ಸಿರವಾರ, ರಾಯಚೂರಿಗೆ ಒಣ ಕಾಲುವೆ.

ಭತ್ತ ಹೇಗೆ ಬಂತು, ಯಾರು ತಡೆಯಬೇಕಿತ್ತು, ತಡೆಯದೆ ಯಾರಿಗೆ ಅನುಕೂಲವಾಯಿತು ಎಂಬುದು ಸಭೆಯ ನಡಾವಳಿ, ಹಳೆಯ ಪತ್ರಿಕೆ, ಕ್ಯಾಂಪಿನವರ ಮತ್ತು ಮೂಲ ಊರಿನವರ ಮಾತು ಎಲ್ಲ ಸೇರಿದರೆ ಮಾತ್ರ ತಿಳಿಯುತ್ತದೆ. ಮುಳುಗಡೆಯಾದ ನಾರಾಯಣದೇವರಕೆರೆಯಂಥ ಊರಿನವರನ್ನೂ ಈ ಲೆಕ್ಕಕ್ಕೆ ತನ್ನಿ. ಕೊನೆಭಾಗದ ಪ್ರತಿ ಊರಲ್ಲಿ ಒಂದು ನೋಟ್‌ಬುಕ್ ಇಡಿ: ನೀರಾವರಿ ಸಲಹಾ ಸಮಿತಿ ನೀರು ಬಿಡುವುದಾಗಿ ಹೇಳಿದ ದಿನ, ತೂಬಿಗೆ ನೀರು ನಿಜಕ್ಕೂ ಬಂದ ದಿನ, ನಿಂತ ದಿನ. ಮೂರು ವರ್ಷ ಬಿಡದೆ ಬರೆದರೆ ಅದಕ್ಕೆ ಎದುರು ಮಾತಾಡುವುದು ಕಷ್ಟ.

ಕಾರ್ಖಾನೆ, ಗಣಿ ಬಗ್ಗೆ ಸಾರ್ವಜನಿಕ ಅಹವಾಲು ಸಭೆ ಇಡ್ತಾರೆ. ಅಲ್ಲಿ ನಮ್ಮ ನೆನಪು, ಹಾಡು ಯಾರು ಕೇಳ್ತಾರೆ?

ಬರವಣಿಗೆಯಲ್ಲಿ ಕೊಟ್ಟರೆ ಕೇಳಲೇಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು, ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿಲ್ಲದ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು, ವಿಡಿಯೊ ಆಗಬೇಕು, ಕೊನೆಗೆ ನಡಾವಳಿಯನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು. ಕೋರಂ, ಅಂದರೆ ಇಂತಿಷ್ಟು ಜನ ಇರಲೇಬೇಕು ಎಂಬುದಿಲ್ಲ. ಆದ್ದರಿಂದ ಸಭೆ ಬಹಿಷ್ಕರಿಸಿ ಹೊರಗೆ ಕೂಗಿದರೆ ನಿಮ್ಮ ಮಾತು ದಾಖಲಾಗದೆ ಸಭೆ ಮುಗಿಯುತ್ತದೆ.

ಮೊದಲು ಕನ್ನಡ ಸಾರಾಂಶವನ್ನೂ ಇಂಗ್ಲಿಷ್ ವರದಿಯನ್ನೂ ಸಾಲಿಗೆ ಸಾಲು ಇಟ್ಟು ಓದಿ. ಭಾಷೆ ಬಲ್ಲವರಿಗೆ ಇಲ್ಲೇ ಕೆಲಸ. "ಬಂಜರು ಭೂಮಿ" ಎಂದು ಬರೆದದ್ದು ಊರಿನ ದನ, ಕುರಿ ಮೇಯುವ ಗಾಯರಾಣ ಆಗಿರಬಹುದು. ಆಮೇಲೆ ನಿಮ್ಮ ಮನವಿ: ಸರ್ವೆ ನಂಬರು, ಆ ಜಾಗದ ಊರಿನ ಹೆಸರು, ಯಾವ ಹಬ್ಬಕ್ಕೆ ಯಾರು ಅಲ್ಲಿಗೆ ಹೋಗುತ್ತಾರೆ, ಯಾವ ತಿಂಗಳು ಎಷ್ಟು ಕುರಿ ಮೇಯುತ್ತವೆ, ಫೋಟೋ. ಹಾಡು ಕೊಡುವುದಾದರೆ ಅದರಲ್ಲಿ ಬರುವ ಹಳ್ಳ, ಗುಡ್ಡದ ಹೆಸರನ್ನು ನಕ್ಷೆಯಲ್ಲಿ ಗುರುತಿಸಿ ಕೊಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಹಿರಿಯರು "ಮಳೆ ಅರ್ಧಕ್ಕರ್ಧ ಇಳಿದೈತಿ" ಅಂತಾರೆ, ಅಂಕಿ ನೋಡಿದ್ರೆ ಅಷ್ಟೇ ಇದೆ. ಯಾರದು ಸರಿ?

ಮೊದಲು ಮಾಪಕ ಎಲ್ಲಿದೆ ನೋಡಿ. ಹಳೆಯ ಅಂಕಿ ತಾಲ್ಲೂಕು ಕೇಂದ್ರದ್ದು, ಹೊಲ ಇರುವುದು ಇಪ್ಪತ್ತು ಕಿ.ಮೀ. ಆಚೆ. ತಾರೀಖಿನ ವಿಷಯವೂ ಇದೆ: ಬೆಳಿಗ್ಗೆ 8.30ಕ್ಕೆ ಅಳೆಯುವುದರಿಂದ 10ರ ರಾತ್ರಿ ಬಿದ್ದ ಮಳೆ 11ರ ಲೆಕ್ಕಕ್ಕೆ ಹೋಗುತ್ತದೆ.

ಆಮೇಲೆ ವರ್ಷದ ಮೊತ್ತ ಬಿಟ್ಟು ಬೇರೆ ಮೂರು ಎಣಿಸಿ: 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನಗಳು, ಜೂನ್‌ನಿಂದ ಸೆಪ್ಟೆಂಬರ್ ನಡುವಿನ ಅತಿ ಉದ್ದದ ಒಣ ಅವಧಿ, ಒಂದೇ ದಿನ 50 ಮಿ.ಮೀ. ದಾಟಿದ ಸಲ. ಹಿರಿಯರು "ಮಳೆ" ಎಂದಾಗ ಮನಸ್ಸಿನಲ್ಲಿರುವುದು ಹೊಲಕ್ಕೆ ಇಳಿಯುವ ಜಡಿ ಮಳೆ. ಒಂದೇ ಗಂಟೆಯಲ್ಲಿ ಸುರಿದು ಹಳ್ಳ ಸೇರಿದ್ದು ಅವರ ಲೆಕ್ಕದಲ್ಲಿ ಮಳೆಯಲ್ಲ, ಮಾಪಕದ ಲೆಕ್ಕದಲ್ಲಿ ಮಳೆಯೇ. ಇಬ್ಬರೂ ಸರಿ ಇರಬಹುದು.

ಹರೆಯದ ವರ್ಷಗಳೆಲ್ಲ ಹಸಿರಾಗಿ ಕಾಣುವುದೂ ಉಂಟು. ಅದನ್ನು ತೂಗಲು ಬೇರೆ ಬೇರೆ ಕೇರಿಯ ಮೂವರನ್ನು, ಒಬ್ಬರ ಮಾತು ಇನ್ನೊಬ್ಬರಿಗೆ ಹೇಳದೆ, ಕೇಳಿ. ಇಷ್ಟಾದ ಮೇಲೂ ತಾಳೆಯಾಗದಿದ್ದರೆ ಎರಡನ್ನೂ ಪಕ್ಕಪಕ್ಕ ಬರೆದು ಬಿಡಿ. ಅಂಕಿಗೆ ಹೊಂದುವಂತೆ ಅಜ್ಜನ ಮಾತು ತಿದ್ದುವುದು, ಅಜ್ಜನ ಮಾತಿಗೆ ಹೊಂದುವ ವರ್ಷಗಳನ್ನಷ್ಟೇ ಆರಿಸುವುದು, ಎರಡೂ ಒಂದೇ ಬಗೆಯ ಮೋಸ.

ಅಜ್ಜಿ ಮಾತಾಡಿದ ವಿಡಿಯೊ ಫೇಸ್‌ಬುಕ್ಕಿಗೆ ಹಾಕಬಹುದಾ?

ಕೇಳಿ ಹಾಕಿ, ಅದೂ ಕೇಳಿಸಿದ ಮೇಲೆ ಕೇಳಿ. ರೆಕಾರ್ಡ್ ಮಾಡುವಾಗ ಹೂಂ ಎಂದವರು ತಮ್ಮ ದನಿ ಕೇಳಿದ ಮೇಲೆ "ಆ ಬಾವಿ ಜಗಳದ್ದು ತಗದ್ಬಿಡಪ್ಪಾ" ಎನ್ನುತ್ತಾರೆ. ತೆಗೆಯಿರಿ. ಜಮೀನಿನ ತಕರಾರು, ಔಷಧಿ ಬೇರು ಸಿಗುವ ಜಾಗ, ನಿಧಿಯ ಮಾತು ಇರುವ ಗುಡಿ, ಗೋರಿಗಳ ಗುರುತು ಹೊರಗೆ ಬಿಡಬೇಡಿ. ಶಾಸನದ ಕಲ್ಲಿನ ಕೆಳಗೆ ಹೊನ್ನಿದೆ ಎಂದು ರಾತ್ರಿ ಅಗೆಯುವವರು ಎಲ್ಲ ಕಡೆ ಇದ್ದಾರೆ. ಪೂರ್ತಿ ಧ್ವನಿಯ ಒಂದು ಪ್ರತಿ ಅವರ ಮನೆಯಲ್ಲಿ, ಒಂದು ಊರ ಗ್ರಂಥಾಲಯದಲ್ಲಿ, ಒಂದು ನಿಮ್ಮಲ್ಲಿ ಇರಲಿ. ಫೈಲಿನ ಹೆಸರಿನಲ್ಲೇ ಊರು ಮತ್ತು ತಾರೀಖು ಹಾಕಿ.